ಬಾಲ ಕತ್ತರಿಸಿದ ಆಂಪ್ಲಿಫೈಯರ್

ದೆವ್ವ ಎಂದವರನ್ನು ಕಂಡರೆ ನಗುತ್ತಿದ್ದವಳು ನಾನು. ಆಂಪ್ಲಿಫೈಯರ್ ಜೋಡಿಸಿ ಬದುಕುವವಳಿಗೆ ಕರೆಂಟಿಲ್ಲದೆ ದನಿ ಬಾರದು ಎಂಬುದೇ ದೊಡ್ಡ ನಂಬಿಕೆ. ಬಬಲೇಶ್ವರದ ಆ ಮಧ್ಯಾಹ್ನದ ಮೇಲೆ ಹಾಗೆ ನಗಲಾಗಿಲ್ಲ.

ವಿಜಯಪುರದಲ್ಲಿ ಡಿಪ್ಲೊಮಾ ಓದುವಾಗ ಮಾಸ್ತರರೊಬ್ಬರು ‘ಲಾಂಗ್ ಟೇಲ್ಡ್ ಪೇರ್’ ಎಂಬ ಸರ್ಕ್ಯೂಟ್ ಬರೆದರು. ಉದ್ದ ಬಾಲದ ಜೋಡಿ. ಬಾಲ ಯಾಕೆ ಎಂದು ಎದ್ದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ, ಮುಖದಲ್ಲೇ ಕಂಡಿತು. ಮಮದಾಪುರದ ನಮ್ಮ ಮನೆಯಲ್ಲಿ ಎಮ್ಮೆ ಇದ್ದದ್ದು ಮಾತ್ರ ಗೊತ್ತಿತ್ತು.

“ಬಾಲ ನೋಡಾಕ ಸಾಲಿಗೆ ಯಾಕ ಬಂದಿ ಬೇ? ನಿಮ್ಮ ಎಮ್ಮಿ ಹಿಂದ ಹೋಗಿ ನಿಂದ್ರು.”

ಇಡೀ ಕ್ಲಾಸು ನಕ್ಕಿತು. ಕೋರ್ಸು ಮುಗಿಯುವವರೆಗೂ ನನ್ನ ಹೆಸರು ‘ಬಾಲ’ ಎಂದೇ ಆಯಿತು.

ಉತ್ತರ ಆಮೇಲೆ ನಾನೇ ಹುಡುಕಿಕೊಂಡೆ. ಅಕ್ಕಪಕ್ಕ ನಿಂತ ಎರಡು ಟ್ರಾನ್ಸಿಸ್ಟರುಗಳಿಗೆ ಕೆಳಗೆ ಒಂದೇ ದೊಡ್ಡ ರೆಸಿಸ್ಟರ್ ಇರುತ್ತದೆ. ಟ್ರಾನ್ಸಿಸ್ಟರಿಗೂ ಹಿಂದಿನ ವಾಲ್ವುಗಳ ಕಾಲದಿಂದಲೂ ಚಿತ್ರದಲ್ಲಿ ಜೋತುಬಿದ್ದಂತೆ ಕಾಣುವ ಅದೇ ಬಾಲ. ಎರಡೂ ಕಡೆ ಒಂದೇ ತೆರನಾಗಿ ಬಂದದ್ದನ್ನು ಅದು ಅಡಗಿಸುತ್ತದೆ. ವ್ಯತ್ಯಾಸವಷ್ಟೇ ದೊಡ್ಡದಾಗಿ ಹೊರಬರುತ್ತದೆ. ಬಾಲ ಕತ್ತರಿಸಿದರೆ ಜೋಡಿ ಸತ್ತಂತೆ. ಇಷ್ಟೇ ಸಂಗತಿ. ನನ್ನ ಸಿಟ್ಟು ಮಾತ್ರ ಹನ್ನೊಂದು ವರ್ಷ ಆರಲಿಲ್ಲ.

ಹನ್ನೊಂದನೆಯ ವರ್ಷ ಬಬಲೇಶ್ವರದ ಸಮಾರಂಭವೊಂದಕ್ಕೆ ಮೈಕಿನ ಕೆಲಸ ಸಿಕ್ಕಿತು. ಅತಿಥಿ ಅದೇ ಮಾಸ್ತರರು. ಅವರ ಭಾಷಣದ ನಡುವೆ ನನ್ನ ಆಂಪ್ಲಿಫೈಯರಿನೊಳಗಿನ ಆ ಬಾಲ ಕತ್ತರಿಸಿ ದನಿ ನಿಲ್ಲಿಸುವುದು, ಏನು ಕೆಟ್ಟಿದೆ, ಅದಕ್ಕೆ ಆ ಹೆಸರು ಯಾಕೆ ಬಂತು ಎಂದು ಎಲ್ಲರೆದುರು ಅವರನ್ನೇ ಕೇಳುವುದು ನನ್ನ ಹಂಚಿಕೆ. ಜೊತೆಗೆ ಕೆಲಸ ಮಾಡುವ ತಿಕೋಟಾದ ಶಾಂತಾಳಿಗೆ ಹೇಳಿದೆ.

“ಬ್ಯಾಡ ಬಿಡ್ರಿ ಅಕ್ಕಾರ, ವಯಸ್ಸಾಗೇತಿ ಅವ್ರಿಗೆ,” ಎಂದಳು.

ಕೇಳಲಿಲ್ಲ. ಭಾಷಣ ಅರ್ಧಕ್ಕೆ ಬಂದಾಗ ಬಾಲಕ್ಕೆ ಕಟ್ಟರ್ ಒತ್ತಿದೆ, ದನಿ ನಿಂತಿತು. ಅವರು ಮೈಕ್ ತಟ್ಟಿ ನೋಡಿ, ನೀರಿನ ಬಾಟಲಿ ಬಾಯಿಗಿಟ್ಟರು. ನಾನು ವೇದಿಕೆಯತ್ತ ಹೆಜ್ಜೆ ಇಟ್ಟಿದ್ದೆ. ಆಗ ಸ್ಪೀಕರಿನಿಂದ ಅವರದೇ ಹಳೆಯ ಗಡಸು ದನಿ ಕೇಳಿತು. ಎಮ್ಮೆಯ ಆ ಮಾತು, ಒಂದಕ್ಷರವೂ ಬಿಡದೆ. ಹಿಂದೆಯೇ ಕ್ಲಾಸಿನ ನಗು. ಶಾಂತಾ ಗಾಬರಿಯಾಗಿ ಪ್ಲಗ್ ಕಿತ್ತಳು. ಆದರೂ ಸ್ಪೀಕರಿನ ನಗು ನಿಲ್ಲಲು ಇನ್ನೂ ಒಂದು ನಿಮಿಷ ಹಿಡಿಯಿತು. ಸಭೆಯೆಲ್ಲ ಅವರನ್ನೇ ನೋಡುತ್ತಿತ್ತು. ಅವರ ಅಂಗಿಯ ಮೇಲೆ ನೀರು ಚೆಲ್ಲಿತ್ತು.

ಭಾಷಣ ಬಿಟ್ಟು ಇಳಿದವರು ನೇರ ನನ್ನ ಬಳಿ ಬಂದರು. ಗುರುತು ಹತ್ತಿತ್ತು.

“ಅವತ್ತ ರೆಕಾರ್ಡ್ ಮಾಡಿ ಇಟ್ಟಿದ್ದಿಯೇನವಾ, ಇಷ್ಟು ವರ್ಷ?”

ಆಗ ನನ್ನ ಹತ್ತಿರ ಫೋನೇ ಇರಲಿಲ್ಲ ಎನ್ನಬಹುದಿತ್ತು. ಅವರ ಒದ್ದೆ ಅಂಗಿಯನ್ನು ನೋಡುತ್ತ, ಹೂಂ ಎಂದೆ.

ಆ ಆಂಪ್ಲಿಫೈಯರನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ. ಏನೂ ಸಿಕ್ಕಿಲ್ಲ. ಅದೆಲ್ಲ ನಾನೇ ಮಾಡಿದ್ದೆಂದು ಅವರು ಈಗಲೂ ನಂಬಿದ್ದಾರಂತೆ. ನಂಬಲಿ.