ಹಳದಿ ಗುಂಡಿಯ ಆಚೆಯ ದನಿ

ನಮ್ಮ ಭಾವ ಲಿಫ್ಟ್ ಮೆಕ್ಯಾನಿಕ್. ಊರಿನ ಅರವತ್ತೆರಡು ಲಿಫ್ಟುಗಳ ಉಸ್ತುವಾರಿ ಅವರದು, ನಾನಿರುವ ಕಟ್ಟಡದ್ದೂ ಸೇರಿ. ಪ್ರತಿ ಲಿಫ್ಟಿನೊಳಗೂ ಮಹಡಿಗಳ ಗುಂಡಿಯ ಕೆಳಗೆ ಗಂಟೆಯ ಚಿತ್ರವಿರುವ ಒಂದು ಹಳದಿ ಗುಂಡಿ ಇದೆ. ಯಾರಾದರೂ ನಡುವೆ ಸಿಕ್ಕಿಹಾಕಿಕೊಂಡು ಅದನ್ನು ಒತ್ತಿದರೆ ಕರೆ ನೇರವಾಗಿ ಭಾವನ ಮೊಬೈಲಿಗೆ ಹೋಗುತ್ತದೆ. ಗುಂಡಿಯ ಪಕ್ಕದ ಸಣ್ಣ ತೂತುಗಳಿಂದ ಅವರ ದನಿ ಕೇಳಿಸುತ್ತದೆ. ಹಾಗೆ ಸಿಕ್ಕಿಬಿದ್ದು ಹೊರಗೆ ಬಂದವರೆಲ್ಲ ಹೇಳುವುದು ಒಂದೇ ಮಾತು: ಆ ಮನುಷ್ಯನ ದನಿ ಕೇಳಿದರೇ ಅರ್ಧ ಭಯ ಹೋಗುತ್ತದೆ.

ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆ ದನಿಯನ್ನು ನಮ್ಮ ಅಕ್ಕನ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಭಾವ ಮಾರಿಯೂ ಅಲ್ಲ. ಕುಡಿಯುವವರಲ್ಲ, ಕೈ ಎತ್ತಿದವರಲ್ಲ, ಊಟಕ್ಕೆ ಹೆಸರಿಟ್ಟವರಲ್ಲ. ಮಾತಾಡುವುದಿಲ್ಲ, ಅಷ್ಟೇ. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ಇಪ್ಪತ್ತೇಳು ವರ್ಷ ಸಂಸಾರ ಮಾಡಿದವರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ನಮ್ಮಕ್ಕ ಇಷ್ಟು ಹೊತ್ತಿಗೆ ಊರಿನ ದೊಡ್ಡ ಶ್ರೀಮಂತೆಯಾಗಿರಬೇಕಿತ್ತು.

ಅವರದು ನಾಲ್ಕನೇ ಮಹಡಿಯ ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಮಲಗುವ ಕೋಣೆಯಲ್ಲಿ ಭಾವ ಬಾಗಿಲಿನ ಪಕ್ಕವೇ ಮಲಗಬೇಕು, ಎಂಥ ಚಳಿಯಲ್ಲೂ ಬಾಗಿಲು ತೆರೆದೇ ಇರಬೇಕು. ಯಾಕೆ ಎಂದು ಅಕ್ಕ ಕೇಳಿ ಕೇಳಿ ಸೋತು, ಒಂದು ಕಂಬಳಿ ಹೆಚ್ಚು ಹೊದ್ದುಕೊಳ್ಳುವುದನ್ನು ಕಲಿತಳು. ಮಗಳು ಇರುವವರೆಗೆ ಅವಳೇ ಇಬ್ಬರ ನಡುವೆ ಟಪಾಲು. ‘ಅಪ್ಪಂಗೆ ಊಟಕ್ಕೆ ಬಾ ಅನ್ನು’, ‘ಅಮ್ಮಂಗೆ ಬರೋದು ಲೇಟಾಗತ್ತೆ ಅನ್ನು’ ಎಂದು ದಿನ ಕಳೆಯುತ್ತಿತ್ತು. ಹೋದ ವರ್ಷ ಅವಳ ಮದುವೆಯಾಯಿತು. ಟಪಾಲು ನಿಂತಿತು.

ನಮ್ಮ ಮನೆಯವರದು ಇದಕ್ಕೆ ತದ್ವಿರುದ್ಧ. ನಿದ್ದೆಯಲ್ಲೂ ಮಾತಾಡುತ್ತಾರೆ. ಅವರ ಬಾಯಿಯ ಕಾಲು ಭಾಗವನ್ನಾದರೂ ಭಾವನಿಗೆ ಕೊಟ್ಟಿದ್ದರೆ ಅಕ್ಕತಂಗಿಯರಿಬ್ಬರೂ ನೆಮ್ಮದಿಯಾಗಿರುತ್ತಿದ್ದೆವು.

ಒಂದು ಮಧ್ಯಾಹ್ನ ಅಕ್ಕ ನನ್ನ ಮನೆಗೆ ಬಂದು ಹೊಲಿಗೆ ಮೆಷಿನ್ನಿನ ಎದುರು ಕೂತಳು. ನಾನು ಒಂದು ಲಂಗದ ಅಂಚು ಹೊಲಿಯುತ್ತಿದ್ದೆ.

“ನಿನ್ನೆ ಎಣಿಸಿದೆ,” ಎಂದಳು. “ಬೆಳಗ್ಗಿಂದ ಮಲಗೋ ತನಕ ಹನ್ನೊಂದು ಮಾತು. ಅದರಲ್ಲಿ ನಾಲ್ಕು ‘ಹ್ಞೂಂ’.”

ನಾನು ನಕ್ಕೆ. ಅವಳು ನಗಲಿಲ್ಲ.

“ಬಾಗಿಲು ತೆಗೆದೇ ಇರತ್ತೆ. ಆದ್ರೂ ಉಸಿರು ಕಟ್ಟತ್ತೆ. ಎಲ್ಲಿಗೆ ಅಂತ ಹೋಗ್ಲಿ, ಏನಂತ ಹೇಳ್ಲಿ? ಗಂಡ ಹೊಡೀತಾನೆ ಅಂದ್ರೆ ನಾಲ್ಕು ಜನ ಬರ್ತಾರೆ. ಗಂಡ ಮಾತಾಡಲ್ಲ ಅಂದ್ರೆ ನೀನೇ ನಗ್ತೀಯ.”

ನನಗೆ ನಾಚಿಕೆಯಾಯಿತು. ಮೆಷಿನ್ ನಿಲ್ಲಿಸಿದೆ. ಅಕ್ಕ ಎಲ್ಲ ಯೋಚಿಸಿಕೊಂಡೇ ಬಂದಿದ್ದಳು. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಹಳ್ಳಿಯೊಂದರಲ್ಲಿ ನಿವೃತ್ತ ಮೇಷ್ಟರೊಬ್ಬರು ತಮ್ಮ ಹೊಲದ ಮನೆಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಅಲ್ಲಿ ಫೋನಿನ ಸಿಗ್ನಲ್ ಇಲ್ಲ. ಅದೇ ಬೇಕಾಗಿತ್ತು ಅವಳಿಗೆ. ಭಾವನಿಗೆ ನಾಲ್ಕು ದಿನ ರಜೆ ಹಾಕಿಸಿದ್ದಳು.

“ನಾಲ್ಕು ದಿನ ನಾವಿಬ್ರೇ. ಆಗ್ಲೂ ಮಾತಾಡ್ಲಿಲ್ಲ ಅಂದ್ರೆ ನಾನು ವಾಪಸ್ ಆ ಮನೆಗೆ ಹೋಗಲ್ಲ. ಈ ಕೋಣೇಲಿ ನನಗೆ ಜಾಗ ಮಾಡಿಕೊಡ್ತೀಯಾ?”

ಮಾಡಿಕೊಡುತ್ತೇನೆ ಎಂದೆ. ಅವರು ಹೊರಟ ದಿನವೇ ಬಟ್ಟೆಯ ಗಂಟುಗಳನ್ನು ಅಟ್ಟಕ್ಕೆ ಹಾಕಿ ಒಂದು ಮಂಚ ಹಿಡಿಸಿದೆ. ಮಂಚ ಖಾಲಿ ಇರಲಿ ಎಂದು ಬೇಡಿಕೊಂಡೆ. ಆದರೆ ನನ್ನ ಭಾವ ನನಗೆ ಗೊತ್ತಿಲ್ಲವೇ? ಮೇಲೆ ಒಂದು ಹಾಸಿಗೆಯನ್ನೂ ಹಾಕಿಟ್ಟೆ.

ಮೂರನೇ ದಿನ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಅಕ್ಕ, ಕೈಯಲ್ಲಿ ಚೀಲ. ಭಾವ ಅವಳನ್ನು ಕೆಳಗೆ ಬಿಟ್ಟು ಹಾಗೇ ಹೋಗಿದ್ದರು. ಅಲ್ಲಿ ಆದದ್ದನ್ನು ಅವಳು ಎರಡು ದಿನ ಬಿಡಿಸಿ ಬಿಡಿಸಿ ಹೇಳಿದಳು. ಜೋಡಿಸಿದರೆ ಇಷ್ಟು.

ಮೊದಲ ದಿನ ಇಬ್ಬರೂ ಹೊಲದ ಬದುವಿನ ಮೇಲೆ ನಡೆದರು. ಬೆಟ್ಟ ಚೆನ್ನಾಗಿತ್ತು, ಗಾಳಿ ಚೆನ್ನಾಗಿತ್ತು. ಅಕ್ಕ ಅದನ್ನೆಲ್ಲ ಹೇಳಿದಳು, ಭಾವ ಹ್ಞೂಂಗುಟ್ಟಿದರು. ಬಾವಿಯ ಹತ್ತಿರ ನಿಂತು ರಾಟೆಯನ್ನು ಎರಡು ಸಲ ತಿರುಗಿಸಿ ನೋಡಿ, “ಬೇರಿಂಗ್ ಹೋಗಿದೆ” ಎಂದರು. ಆ ದಿನದ ಅತಿ ದೊಡ್ಡ ಮಾತು ಅದೇ. ಸಂಜೆ ಮೇಷ್ಟರು ಭಾವನನ್ನು ಕರೆದು, ಬಚ್ಚಲಮನೆಯ ಚಿಲಕವನ್ನು ಅರ್ಧಕ್ಕೇ ಬಿಡಬೇಕು, ಪೂರ್ತಿ ತಳ್ಳಿದರೆ ಹಿಡಿದುಕೊಳ್ಳುತ್ತದೆ ಎಂದು ಹೇಳಿದರು. ಭಾವ ಅದಕ್ಕೂ ಹ್ಞೂಂ ಎಂದರು. ಅಕ್ಕನಿಗೆ ಹೇಳಲಿಲ್ಲ. ಹೇಳಬೇಕಾದರೆ ಬಾಯಿ ತೆರೆಯಬೇಕಲ್ಲ.

ಬಚ್ಚಲಮನೆ ಹಿತ್ತಿಲಲ್ಲಿ ಬೇರೆಯಾಗಿಯೇ ಇತ್ತು. ದಪ್ಪ ಕಲ್ಲಿನ ಗೋಡೆ, ಒಂದೇ ಬಾಗಿಲು, ಆಳೆತ್ತರದ ಮೇಲೆ ಅಂಗೈ ಅಗಲದ ಒಂದು ಗಾಳಿಕಿಂಡಿ. ಎರಡನೇ ದಿನ ಬೆಳಗ್ಗೆ ಅಕ್ಕ ಸ್ನಾನಕ್ಕೆ ಹೋಗಿ, ಹೆಂಗಸರು ಹಾಕುವ ಹಾಗೆ ಚಿಲಕವನ್ನು ಪೂರ್ತಿ ತಳ್ಳಿದಳು. ಸ್ನಾನ ಮುಗಿಸಿ ಎಳೆದರೆ ಬರಲಿಲ್ಲ. ಸೆರಗಿನಿಂದ ಹಿಡಿದು ಎಳೆದಳು, ತಂಬಿಗೆಯಿಂದ ಬಡಿದಳು, ಬೆರಳು ತರಚಿತು. ಮೇಷ್ಟರು ಹೊಲಕ್ಕೆ ಹೋಗಿದ್ದರು. ಒದ್ದೆ ನೆಲ, ಹಬೆ, ಕತ್ತಲೆ. ಗೋಡೆಗಳು ಹತ್ತಿರ ಬರುತ್ತಿವೆ ಅನ್ನಿಸಿತು ಅವಳಿಗೆ.

ಆಗ ಗೋಡೆಯ ಆಚೆಯಿಂದ ಭಾವನ ದನಿ ಕೇಳಿಸಿತು. ಇಡೀ ಹೊಲದಲ್ಲಿ ಸಿಗ್ನಲ್ ಸಿಗುವುದು ಆ ಬಚ್ಚಲಿನ ಹಿಂದಿನ ನೀರಿನ ತೊಟ್ಟಿಯ ಬಳಿ ಮಾತ್ರ. ಅದನ್ನು ಭಾವ ಬಂದ ಅರ್ಧ ಗಂಟೆಯಲ್ಲೇ ಪತ್ತೆ ಮಾಡಿದ್ದರು. ರಜೆಯಲ್ಲಿ ಕರೆಗಳನ್ನು ಬದಲಿ ಮೆಕ್ಯಾನಿಕ್ಕಿಗೆ ತಿರುಗಿಸಿ ಬರಬೇಕಿತ್ತು, ಮರೆತರಂತೆ. ಮರೆತರೋ ಬಿಟ್ಟರೋ ಅವರಿಗೇ ಗೊತ್ತು. ಊರಿನಲ್ಲಿ ಯಾವುದೋ ಕಟ್ಟಡದ ಲಿಫ್ಟು ಐದು ಮತ್ತು ಆರನೇ ಮಹಡಿಯ ನಡುವೆ ನಿಂತು, ಒಳಗೆ ಒಬ್ಬ ಹೆಂಗಸು ಒಬ್ಬಳೇ ಸಿಕ್ಕಿಹಾಕಿಕೊಂಡಿದ್ದಳು. ಬದಲಿ ಮೆಕ್ಯಾನಿಕ್ ಅಲ್ಲಿಗೆ ತಲುಪಲು ಒಂದು ಗಂಟೆಯಾದರೂ ಬೇಕು.

ಅಕ್ಕ ಗೋಡೆ ಬಡಿದಳು. “ರೀ,” ಎಂದು ಕೂಗಿದಳು.

“ಸ್ವಲ್ಪ ಇರು,” ಎಂದರು ಭಾವ, ಫೋನಿನಿಂದ ಬಾಯಿ ಸರಿಸಿ. “ಇಲ್ಲೊಬ್ರು ಸಿಕ್ಕಾಕೊಂಡಿದ್ದಾರೆ.”

ಟವೆಲ್ ಬೇಕೇನೋ ಎಂದುಕೊಂಡರಂತೆ.

ಇದನ್ನು ಹೇಳುವಾಗ ಅಕ್ಕನಿಗೆ ನಗು ಬಂತು, ನಗುತ್ತಲೇ ಅತ್ತಳು. ನನಗೆ ಮಾತ್ರ ಕೋಪ ನೆತ್ತಿಗೇರಿತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅಕ್ಕ ಮತ್ತೆ ಕೂಗಲಿಲ್ಲ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತು ಕಿಂಡಿಗೆ ಕಿವಿ ಕೊಟ್ಟಳು. ಭಾವ ಫೋನನ್ನು ಸ್ಪೀಕರಿಗೆ ಹಾಕಿದ್ದರು, ಎರಡೂ ಕಡೆಯ ಮಾತು ಕೇಳುತ್ತಿತ್ತು.

“ಹೆದರ್ಬೇಡಿ ಅಮ್ಮ, ನಾನಿದ್ದೀನಿ,” ಎನ್ನುತ್ತಿದ್ದರು ಭಾವ. “ಮೊದ್ಲು ಕೂತ್ಕೊಳ್ಳಿ. ಬೆನ್ನು ಗೋಡೆಗೆ ಕೊಡಿ. ಗಾಳಿ ಖಾಲಿ ಆಗಲ್ಲ, ಮೇಲೆ ಜಾಗ ಬಿಟ್ಟಿರ್ತಾರೆ. ಬಾಗಿಲಿಗೆ ಕೈ ಹಾಕ್ಬೇಡಿ. ನನ್ನ ಜೊತೆ ಮಾತಾಡ್ತಾ ಇರಿ.”

ಅದು ಅವರ ಕಸುಬಿನ ನಿಯಮ. ಸಿಕ್ಕಿಬಿದ್ದವರನ್ನು ಸುಮ್ಮನಿರಲು ಬಿಡಬಾರದು, ಸುಮ್ಮನಾದರೆ ಭಯ ಏರುತ್ತದೆ. ಅದಕ್ಕೆ ಭಾವ ಆ ಹೆಂಗಸನ್ನು ಏನೇನು ಕೇಳಿದರು! ಮಕ್ಕಳೆಷ್ಟು, ಬೆಳಗ್ಗೆ ಏನು ಅಡುಗೆ, ಕಾಲು ನೋವು ಯಾವಾಗಿನಿಂದ, ಅದಕ್ಕೆ ಔಷಧಿ ಏನು ತಗೊಂಡಿರಿ. ಅವಳ ಮಾತು ನಿಂತಾಗ ತಾವೇ ಶುರು ಮಾಡಿದರು. ನಾನೀಗ ಹಳ್ಳಿಯಲ್ಲಿದ್ದೇನೆ, ಎದುರಿಗೆ ಬೆಟ್ಟ ಇದೆ, ಅದರ ನೆತ್ತಿಯ ಮೇಲೆ ಒಂದು ಸಣ್ಣ ಮೋಡ ಕೂತಿದೆ, ಎಬ್ಬಿಸಿದರೂ ಏಳುತ್ತಿಲ್ಲ. ಇಲ್ಲಿಯ ಗಾಳಿ ಎಷ್ಟು ತಣ್ಣಗಿದೆ ಗೊತ್ತಾ, ನೀವೂ ಉಸಿರೆಳೆದುಕೊಳ್ಳಿ, ಸ್ವಲ್ಪ ಅಲ್ಲಿಗೂ ಬರುತ್ತದೆ. ಹಿಂದಿನ ದಿನ ಅಕ್ಕ ಬೆರಳು ಮಾಡಿ ತೋರಿಸಿದ ಅದೇ ಬೆಟ್ಟ.

ಆ ಹೆಂಗಸು ಅಳತೊಡಗಿದಳು. ಆಗ ಭಾವ ದನಿ ತಗ್ಗಿಸಿ ಹೇಳಿದ್ದನ್ನು ಅಕ್ಕ ಇಪ್ಪತ್ತೇಳು ವರ್ಷದಲ್ಲಿ ಕೇಳಿರಲಿಲ್ಲ.

“ನನಗೂ ಭಯ ಆಗತ್ತಮ್ಮ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಭಾನುವಾರ ಅರ್ಧ ಕಟ್ಟಿದ ಕಟ್ಟಡದ ಲಿಫ್ಟಲ್ಲಿ ಒಬ್ಬನೇ ಸಿಕ್ಕಾಕೊಂಡಿದ್ದೆ. ಆಗ ಮೊಬೈಲ್ ಎಲ್ಲಿತ್ತು? ಐದು ಗಂಟೆ. ಕಿರುಚಿ ಕಿರುಚಿ ಗಂಟಲೇ ಹೋಯ್ತು. ಇವತ್ತಿಗೂ ನಾನು ಮುಚ್ಚಿದ ಲಿಫ್ಟಲ್ಲಿ ಹೋಗಲ್ಲ, ಮೆಟ್ಟಿಲು ಹತ್ತಿಯೇ ಹೋಗ್ತೀನಿ. ಯಾರಿಗೂ ಹೇಳಿಲ್ಲ, ನಿಮಗೇ ಹೇಳ್ತಿರೋದು.”

ಆ ಭಾನುವಾರ ಅಕ್ಕನಿಗೆ ನೆನಪಿತ್ತು. ಮದುವೆಯಾದ ಮರುವರ್ಷ, ಅವಳು ಏಳು ತಿಂಗಳ ಬಸುರಿ. ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದ ಗಂಡ ಸಂಜೆ ಬಂದರು. ಯಾಕೆ ಎಂದರೆ ಉತ್ತರವಿಲ್ಲ, ಮುಖ ಎತ್ತಲಿಲ್ಲ, ತಟ್ಟೆ ಮುಟ್ಟಲಿಲ್ಲ. ಕಾದು ಕಾದು ಬೇಸತ್ತಿದ್ದ ಅಕ್ಕ, “ಮಾತಾಡಕ್ಕೆ ಇಷ್ಟ ಇಲ್ದಿದ್ರೆ ಇನ್ಮೇಲೆ ಮಾತಾಡ್ಲೇಬೇಡಿ” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಗಂಟಲು ಹೋಗಿದ್ದ ಮನುಷ್ಯ ಏನು ಹೇಳಿಯಾನು? ಮೂರು ದಿನ ದನಿ ಬರಲಿಲ್ಲ. ದನಿ ಬಂದ ಮೇಲೆ ಮಾತು ಬರಲಿಲ್ಲ.

“ಅದಕ್ಕೆ ಇಪ್ಪತ್ತಾರು ವರ್ಷವಾ?” ಎಂದೆ ನಾನು. ನನ್ನ ಸಿಟ್ಟು ಅಷ್ಟು ಬೇಗ ಇಳಿಯುವುದಲ್ಲ.

“ಗೊತ್ತಿಲ್ಲ,” ಎಂದಳು ಅಕ್ಕ.

ಒಂದು ಗಂಟೆ ಹತ್ತು ನಿಮಿಷದ ಮೇಲೆ ಆ ಹೆಂಗಸು ಹೊರಗೆ ಬಂದಳು. ಭಾವ ಫೋನು ಇಟ್ಟು, ಅಕ್ಕನನ್ನು ಹುಡುಕಿಕೊಂಡು ಬಂದು, ಸಂದಿಯಲ್ಲಿ ಚಾಕು ತೂರಿಸಿ ಬಾಗಿಲನ್ನು ಒಂದಿಷ್ಟು ಎತ್ತಿ ತಳ್ಳಿದರು. ಎರಡು ನಿಮಿಷದ ಕೆಲಸ.

“ಚಿಲಕ ಅರ್ಧಕ್ಕೇ ಬಿಡ್ಬೇಕು ಅಂತ ಮೇಷ್ಟ್ರು ಹೇಳಿದ್ರಲ್ಲ,” ಎಂದರು.

ಆ ದನಿ ಮತ್ತೆ ಹಳೆಯದೇ ಆಗಿತ್ತು.

“ನಿಮಗೆ ಹೇಳಿದ್ರು,” ಎಂದಳು ಅಕ್ಕ. “ನನಗಲ್ಲ. ಹೊರಡೋಣ ನಡೀರಿ.”

ಆ ದಿನ ಮತ್ತೆ ಬಸ್ಸಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟರು. ದಾರಿಯುದ್ದಕ್ಕೂ ಭಾವ ಕಿಟಕಿ ತೆರೆದಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ತಂಗಿಯ ಮನೆಯಲ್ಲಿ ಇಳಿಯುತ್ತೇನೆ ಎಂದಾಗ ಎಷ್ಟು ದಿನ ಎಂದೂ ಕೇಳಲಿಲ್ಲ.

ಅಕ್ಕ ನನ್ನ ಹೊಲಿಗೆಯ ಕೋಣೆಯಲ್ಲಿ ಐದು ದಿನ ಇದ್ದಳು. ಕಾಜ ಹೊಲಿದಳು, ಗುಂಡಿ ಹಚ್ಚಿದಳು. ಬಿಟ್ಟು ಬಂದದ್ದಕ್ಕೆ ಹಗುರವಾಗಿರಬೇಕಿತ್ತು, ಆಗಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಹೋಗಿ ಕೇಳು ಎಂದರೆ, “ಎದುರಿಗೆ ನಿಂತ್ರೆ ಹ್ಞೂಂ ಅಂತಾರೆ, ಅಷ್ಟೇ” ಎಂದಳು. ನಾನೇ ಹೋಗಿ ಬಯ್ಯುತ್ತೇನೆ ಎಂದರೆ ಬೇಡ ಎಂದಳು.

ಐದನೇ ದಿನ ಇಬ್ಬರೂ ತರಕಾರಿ ತಂದು ಲಿಫ್ಟು ಹತ್ತಿದೆವು. ಎರಡನೇ ಮಹಡಿ ದಾಟಿ ಮೂರರ ಹತ್ತಿರ ಬರುವಷ್ಟರಲ್ಲಿ ಅಕ್ಕ ಕೈ ಚಾಚಿ, ಲಿಫ್ಟು ನಿಲ್ಲಿಸುವ ಕೆಂಪು ಸ್ವಿಚ್ಚನ್ನು ಒತ್ತಿಬಿಟ್ಟಳು. ಲಿಫ್ಟು ಕುಲುಕಿ ನಿಂತಿತು.

“ತಲೆ ಕೆಟ್ಟಿದೆಯಾ ನಿನಗೆ?” ಎಂದೆ.

ಅವಳು ಹಳದಿ ಗುಂಡಿ ಒತ್ತಿ, ನೆಲದ ಮೇಲೆ ಕೂತು, ಬೆನ್ನು ಗೋಡೆಗೆ ಕೊಟ್ಟು, ನನ್ನನ್ನೂ ಕೈ ಹಿಡಿದು ಕೂರಿಸಿದಳು. ಸ್ವಲ್ಪ ಹೊತ್ತು ರಿಂಗಾಯಿತು. ಆಮೇಲೆ ಆ ತೂತುಗಳಿಂದ ಬಂತು ದನಿ. ನಾನು ಅದನ್ನು ಮೊದಲ ಸಲ ಕೇಳಿದೆ. ಜನ ಹೇಳುವುದು ಸುಳ್ಳಲ್ಲ.

“ಹೆದರ್ಬೇಡಿ, ನಾನಿದ್ದೀನಿ. ಎಷ್ಟು ಜನ ಇದ್ದೀರಿ?”

“ಇಬ್ರು,” ಎಂದೆ ನಾನು.

“ಆಯ್ತಮ್ಮ. ಮೊದ್ಲು ಕೂತ್ಕೊಳ್ಳಿ. ಬೆನ್ನು ಗೋಡೆಗೆ ಕೊಡಿ. ಎಷ್ಟು ಹೊತ್ತಾಯ್ತು ಸಿಕ್ಕಾಕೊಂಡು?”

“ಇಪ್ಪತ್ತಾರು ವರ್ಷ,” ಎಂದಳು ಅಕ್ಕ. “ಆ ಭಾನುವಾರದಿಂದ.”

ಕರೆ ಕಟ್ಟಾಯಿತು ಎಂದುಕೊಂಡೆ. ಹುಚ್ಚಾಟ ಆಡಬೇಡ ಎಂದು ಗದರುತ್ತಾರೆ ಎಂದುಕೊಂಡೆ. ಆ ಕಬ್ಬಿಣದ ಪೆಟ್ಟಿಗೆಯಲ್ಲಿ ನನಗೂ ಉಸಿರು ಕಟ್ಟುತ್ತಿತ್ತು, ಅಕ್ಕನ ಹಿಡಿತ ನನ್ನ ಬೆರಳನ್ನು ನೋಯಿಸುತ್ತಿತ್ತು.

“ಬಚ್ಚಲಲ್ಲಿ ಕೇಳಿಸ್ಕೊಂಡ್ಯಾ?” ಎಂದರು ಭಾವ ಕೊನೆಗೆ.

“ಎಲ್ಲಾ ಕೇಳಿಸ್ಕೊಂಡೆ.”

“ಬರ್ತಾ ಇದ್ದೀನಿ. ಕರೆ ನಿಲ್ಲಿಸ್ಬೇಡ. ಮಾತಾಡ್ತಾ ಇರು.”

“ನಾನು ಮಾತಾಡಿದ್ದಾಯ್ತು. ನೀವು ಮಾತಾಡಿ.”

ಮೊದಲು ಏದುಸಿರು ಮಾತ್ರ ಕೇಳಿಸಿತು. ಆಮೇಲೆ ಒಂದೊಂದೇ ಮಾತು ಬಂತು. ಅವರು ಪಕ್ಕದ ಬೀದಿಯ ಕಟ್ಟಡದಲ್ಲಿ ಕೆಲಸದಲ್ಲಿದ್ದರಂತೆ. ಈಗ ರಸ್ತೆ ದಾಟುತ್ತಿದ್ದೇನೆ ಎಂದರು. ಮನೆಯಲ್ಲಿ ಐದು ದಿನದಿಂದ ಗ್ಯಾಸ್ ಹಚ್ಚಿಲ್ಲ ಎಂದರು. ನಿನ್ನ ಕಂಬಳಿಯನ್ನೂ ನಾನೇ ಹೊದ್ದುಕೊಂಡೆ, ಆದರೂ ಚಳಿ ಎಂದರು. ಈಗ ಮೆಟ್ಟಿಲು, ಒಂದನೇ ಮಹಡಿ ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ನಮ್ಮ ತಲೆಯ ಮೇಲೆ ಕೀಲಿ ತಿರುಗಿದ ಸದ್ದಾಯಿತು. ಮೂರನೇ ಮಹಡಿಯ ಬಾಗಿಲು ಸರಿಯಿತು, ನಮ್ಮ ಎದೆಯೆತ್ತರಕ್ಕೆ ಆ ಮಹಡಿಯ ನೆಲ, ಅದರ ಅಂಚಿನಲ್ಲಿ ಮಂಡಿಯೂರಿದ ಭಾವ. ಮುಖ ಬೆವರಿನಲ್ಲಿ ತೊಯ್ದಿತ್ತು. ಕೈ ಚಾಚಿ ಮೊದಲು ನನ್ನನ್ನು ಎಳೆದುಕೊಂಡರು, ತರಕಾರಿ ಚೀಲವನ್ನೂ. ಆಮೇಲೆ ಅಕ್ಕನಿಗೆ ಕೈ ಚಾಚಿದರು. ಅಕ್ಕ ಕೂತಲ್ಲಿಂದ ಏಳಲಿಲ್ಲ.

ಭಾವ ಒಮ್ಮೆ ಆ ಪೆಟ್ಟಿಗೆಯನ್ನು ನೋಡಿದರು. ಕೀಲಿಯನ್ನು ಜೇಬಿಗಿಟ್ಟುಕೊಂಡು, ಅಂಚು ಹಿಡಿದು, ನಿಧಾನವಾಗಿ ಒಳಗಿಳಿದು, ಅಕ್ಕನ ಪಕ್ಕದಲ್ಲಿ ನೆಲದ ಮೇಲೆ ಕೂತು, ಬೆನ್ನು ಗೋಡೆಗೆ ಕೊಟ್ಟರು.

“ಆ ಭಾನುವಾರ ಏನಾಯ್ತು ಅಂದ್ರೆ,” ಎಂದು ಶುರು ಮಾಡಿದರು.

ನಾನು ಆ ತೆರೆದ ಬಾಗಿಲಿಗೆ ಬೆನ್ನು ಮಾಡಿ ಕಾವಲು ನಿಂತೆ. ಕೆಳಗಿನಿಂದ ಯಾರೋ ಲಿಫ್ಟು ಯಾಕೆ ಬರುತ್ತಿಲ್ಲ ಎಂದು ಕೂಗಿದರು. ಇನ್ನೂ ಬಹಳ ಹೊತ್ತಾಗುತ್ತದೆ, ಮೆಟ್ಟಿಲು ಹತ್ತಿ ಬನ್ನಿ ಎಂದೆ.