ಬ್ರೇಕ್ ಮುಟ್ಟದ ಹೂಪಾದರು

ರಕ್ತಪರೀಕ್ಷಾ ಕೇಂದ್ರದ ನಾಲ್ಕು ಎಲೆಕ್ಟ್ರಿಕ್ ಕಾರುಗಳಲ್ಲಿ ಮೂರನೆಯದನ್ನು ನಡೆಸುತ್ತಿದ್ದ ಚಾಲಕರು ತಮ್ಮ ಐವತ್ತನೆಯ ವಯಸ್ಸಿನಲ್ಲಿ ಒಂದು ವ್ರತವನ್ನು ಕೈಕೊಂಡರು. ಬ್ರೇಕನ್ನು ಮುಟ್ಟುವುದಿಲ್ಲವೆಂಬುದೇ ಆ ವ್ರತ. ಲೋಕದಲ್ಲಿ ಅನ್ನ ಬಿಟ್ಟವರುಂಟು, ಮಾತು ಬಿಟ್ಟವರುಂಟು, ಮನೆಮಠ ಬಿಟ್ಟು ಹೊರಟವರೂ ಉಂಟು. ನಡುರಸ್ತೆಯಲ್ಲಿ ಬ್ರೇಕ್ ಬಿಟ್ಟವರು ಇವರೊಬ್ಬರೇ.

ವ್ರತಕ್ಕೆ ಆಧಾರವಿಲ್ಲದೆ ಇರಲಿಲ್ಲ. ಅಂಥ ಕಾರುಗಳಲ್ಲಿ ವೇಗದ ಪೆಡಲಿನಿಂದ ಕಾಲನ್ನು ಸಡಿಲಿಸಿದೊಡನೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನಗೊಳಿಸುತ್ತದೆ. ಓಟದ ಬಲವನ್ನು ಬ್ಯಾಟರಿಗೆ ಮರಳಿ ತುಂಬಿಕೊಳ್ಳುತ್ತದೆ. ಉಳಿದ ಚಾಲಕರಿಗೆ ಇದೊಂದು ಅನುಕೂಲ, ಇವರಿಗೆ ಮಾತ್ರ ಸಿದ್ಧಿ. ಬ್ರೇಕ್ ಒತ್ತುವುದೆಂದರೆ ಮುಂದಾಲೋಚನೆಯಿಲ್ಲದವನು ತನ್ನ ತಪ್ಪನ್ನು ಕಾಲಿನಿಂದ ಒಪ್ಪಿಕೊಂಡಂತೆ ಎಂಬುದು ಅವರ ಸಿದ್ಧಾಂತ. ಗಾಡಿಯನ್ನು ಚಾಲೂ ಮಾಡುವಾಗ ಆ ಪೆಡಲನ್ನು ಒಮ್ಮೆ ಒತ್ತದೆ ವಿಧಿಯಿಲ್ಲವಲ್ಲ ಎಂದು ಯಾರೋ ಆಕ್ಷೇಪಿಸಿದ್ದಕ್ಕೆ, ನಿಂತ ಗಾಡಿಯಲ್ಲಿ ಒತ್ತಿದ್ದು ಒತ್ತಿದ್ದೇ ಅಲ್ಲ, ಕನಸಿನಲ್ಲಿ ಉಂಡರೆ ಉಪವಾಸಕ್ಕೆ ಭಂಗವೇ ಎಂದು ಕೇಳಿ ಬಾಯಿ ಮುಚ್ಚಿಸಿದ್ದರು.

ಅವರು ಊರೆಲ್ಲ ಸುತ್ತಿ ತಂದ ರಕ್ತದ ಕೊಳವೆಗಳಲ್ಲಿ ಒಂದಾದರೂ ಒಡೆದದ್ದಿಲ್ಲವೆಂದು ಬೆರಗಾದ ದಾದಿಯೊಬ್ಬಳು, "ನಿಮ್ದು ಹೂವಿನಂಥ ಪಾದ ಸಾರ್" ಎಂದಿದ್ದಳು. ಆಕೆ ಅಂದದ್ದು ಒಮ್ಮೆ. ಇವರು ಅದನ್ನು ಊಟದ ಕೋಣೆಯಲ್ಲಿ, ಚಾರ್ಜಿಂಗ್ ಕಂಬದ ಬಳಿ, ಕೈ ತೊಳೆಯುವ ನಲ್ಲಿಯ ಮುಂದೆ ಒಂದು ವಾರ ಹೇಳಿಕೊಂಡು ತಿರುಗಿದರು. ಎಂಟನೆಯ ದಿನಕ್ಕೆ ಅವರು ಎಲ್ಲರ ಬಾಯಲ್ಲಿ ಹೂಪಾದರಾಗಿದ್ದರು. ಅದು ಹಾಸ್ಯವಿರಬಹುದೆಂಬ ಶಂಕೆ ಅವರ ಹತ್ತಿರಕ್ಕೂ ಸುಳಿಯಲಿಲ್ಲ.

ವಿಧಿಯ ವಿನೋದವೆಂದರೆ ಹೂಪಾದರು ಹುಟ್ಟಿದ್ದೇ ಬ್ರೇಕಿನ ಅನ್ನ ಉಂಡ ಮನೆಯಲ್ಲಿ. ತಂದೆ ಮೂವತ್ತು ವರ್ಷ ಬ್ರೇಕ್ ರಿಪೇರಿಯ ಶೆಡ್ ನಡೆಸಿದವರು. ಸಂಜೆ ಮನೆಗೆ ಬಂದು ಮೂಗು ಒರೆಸಿಕೊಂಡರೆ ಕರವಸ್ತ್ರ ಕರಿಯಾಗುತ್ತಿತ್ತು. ಆ ಮಸಿಯನ್ನು ಕಂಡು ಹೇಸಿದ ಮಗ ಸ್ಟೀರಿಂಗ್ ಹಿಡಿದರು. ಹೇಸದ ಮಗಳು ಸ್ಪ್ಯಾನರ್ ಹಿಡಿದಳು. ತಂದೆಯ ತರುವಾಯ ಶೆಡ್ಡನ್ನು ನಡೆಸುತ್ತಿರುವವಳು ಆ ತಂಗಿಯೇ. ಕೇಂದ್ರದ ಹಿಂದಿನ ಬೀದಿಯಲ್ಲಿಯೇ ಶೆಡ್ ಇದ್ದುದರಿಂದ ನಾಲ್ಕು ಕಾರುಗಳ ಸರ್ವೀಸಿನ ಗುತ್ತಿಗೆಯೂ ಅವಳದೇ.

ಆರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಚಾಲಕನ ಕೈಗೂ ಒಂದು ಚೀಟಿ ಬರುತ್ತಿತ್ತು: ಚಕ್ರ ಬಿಚ್ಚಿ ಬ್ರೇಕ್ ಶುಚಿಗೊಳಿಸಬೇಕೆ? ಹೂಪಾದರು ಪ್ರತಿ ಸಲವೂ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ "ಅಗತ್ಯವಿಲ್ಲ" ಎಂದು ಬರೆದು ಸಹಿ ಹಾಕುತ್ತಿದ್ದರು. ಹೀಗೆ ಐದು ಚೀಟಿಗಳಾದವು. ಐದನೆಯದನ್ನು ಹಿಡಿದುಕೊಂಡು ತಂಗಿ ತಾನೇ ಬಂದಳು.

"ಅಣ್ಣಾ, ಒಂದ್ಸಲ ಚಕ್ರ ಬಿಚ್ಚಿ ನೋಡ್ತೀನಿ. ಒಂದು ಗಂಟೆ ಕೆಲಸ."

"ಏನು ನೋಡ್ತೀಯ? ಉಪಯೋಗಿಸದೇ ಇರೋದು ಎಲ್ಲಾದ್ರೂ ಸವೆಯುತ್ತಾ?"

"ಸವೆಯಲ್ಲ, ತುಕ್ಕು ಹಿಡಿಯತ್ತೆ. ಒತ್ತಿದ್ರೆ ತಾನೇ ಪ್ಯಾಡು ಚಕ್ರದ ಜೊತೆ ತಿರುಗೋ ಡಿಸ್ಕನ್ನ ಉಜ್ಜಿ ಹೊಳಪಿಡೋದು? ಪ್ಯಾಡು ಹಿಂದೆಮುಂದೆ ಜಾರೋಕಿರೋ ಪಿನ್ನುಗಳಿಗೆ ಹಾಕಿರೋ ಗ್ರೀಸು ಇಷ್ಟು ಹೊತ್ತಿಗೆ ಒಣಗಿ ಕಲ್ಲಾಗಿರತ್ತೆ. ಬ್ರೇಕ್ ಆಯಿಲ್ ಬೇರೆ ಎರಡು ವರ್ಷಕ್ಕೆ ಬದಲಾಯಿಸ್ಬೇಕು, ಅದು ಗಾಳೀಲಿರೋ ನೀರನ್ನ ಕುಡಿಯತ್ತೆ."

"ಅದೆಲ್ಲ ಅಪ್ಪನ ಕಾಲದ ಮಾತು. ಇದು ಟೆಕ್ನಾಲಜಿ."

"ಟೆಕ್ನಾಲಜಿ ಹಿಂದೆ ಇರೋದೂ ಕಬ್ಬಿಣಾನೇ ಅಣ್ಣ."

"ನಿನಗೆ ಕೆಲಸ ಕಮ್ಮಿಯಾಗಿದೆ, ಅದಕ್ಕೇ ನನ್ನ ಚಕ್ರದ ಮೇಲೆ ಕಣ್ಣು ಬಿದ್ದಿದೆ."

"ಹೂಂ, ನಿನ್ನ ಚಕ್ರ ಬಿಚ್ಚಿ ಬಂಗಲೆ ಕಟ್ಟಿಸ್ತೀನಿ," ಎಂದು ತಂಗಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಚೀಟಿಗಳನ್ನು ಅವಳು ಎಸೆಯುತ್ತಿರಲಿಲ್ಲ. ಅದು ತಂದೆಯಿಂದ ಬಂದ ಅಭ್ಯಾಸ.

ಹೂಪಾದರ ಪ್ರವಚನಗಳಿಗೆ ನಿತ್ಯದ ದೃಷ್ಟಾಂತವಾಗಿ ಒದಗುತ್ತಿದ್ದವನು ಮೊದಲನೆಯ ಕಾರಿನ ಚಾಲಕ. ಬೆಕ್ಕು ಅಡ್ಡ ಬಂದರೂ ಬೆಕ್ಕಿನ ನೆರಳು ಅಡ್ಡ ಬಂದರೂ ಸಮಾನ ಶ್ರದ್ಧೆಯಿಂದ ಬ್ರೇಕನ್ನು ಗುದ್ದುವ ಆ ಮನುಷ್ಯನನ್ನು ಎಲ್ಲರೂ ಗುದ್ದಣ್ಣ ಎನ್ನುತ್ತಿದ್ದರು.

"ನಿನ್ನ ಕಾಲಿಗೆ ಯಾರಾದ್ರೂ ಗುಂಡುಕಲ್ಲು ಕಟ್ಟಿದಾರೇನಯ್ಯಾ?" ಎಂದು ಹೂಪಾದರು ಕೇಳಿದರೆ, ಗುದ್ದಣ್ಣ ಹಲ್ಲು ಬಿಟ್ಟು, "ಕಲ್ಲಲ್ಲಣ್ಣ, ಹೆದರಿಕೆ ಕಟ್ಟಿದಾರೆ" ಎನ್ನುತ್ತಿದ್ದ.

ಇತ್ತೀಚೆಗೆ ಮಾತ್ರ ಒಂದು ಸಣ್ಣ ಕಿರಿಕಿರಿ ತಲೆದೋರಿತ್ತು. ಬೆಳಗಿನ ಸುತ್ತು ಮುಗಿಸಿ ಬಂದಾಗ ಉಳಿದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರುತ್ತಿದ್ದರೆ, ಹೂಪಾದರ ಕಾರಿನಲ್ಲಿ ಕಾಲುಭಾಗವೂ ಇರುತ್ತಿರಲಿಲ್ಲ. ಅವರು ಮೊದಲು ಚಾರ್ಜಿಂಗ್ ಕಂಬವನ್ನು ಬೈದು ಬೇರೆ ಕಂಬಕ್ಕೆ ಹೋದರು. ಆಮೇಲೆ ಬ್ಯಾಟರಿಯನ್ನು ಬೈದರು. ಬ್ಯಾಟರಿಯೂ ಸರಿಯಿದೆಯೆಂದಾಗ ಎದುರುಗಾಳಿಯನ್ನು ಬೈದರು. ಎಡಗಡೆಯ ಹಿಂದಿನ ಚಕ್ರದಿಂದ ಆಗಾಗ ಬರುತ್ತಿದ್ದ ಸುಟ್ಟ ವಾಸನೆಯನ್ನು ಪರೀಕ್ಷಾ ಕೋಣೆಯ ರಾಸಾಯನಿಕಗಳ ತಲೆಗೆ ಕಟ್ಟಿದರು. ಜಗತ್ತಿನಲ್ಲಿ ದೋಷವಿರಬಹುದಾದ ಸ್ಥಳಗಳೆಲ್ಲ ತೀರಿದ ಮೇಲೂ ಅವರಿಗೆ ತಮ್ಮ ಪಾದ ನೆನಪಾಗಲಿಲ್ಲ.

ಹೀಗಿರುವಲ್ಲಿ ಕೇಂದ್ರದವರು ಚಾಲಕರಿಗೊಬ್ಬ ಶಿಕ್ಷಕನನ್ನು ನೇಮಿಸಲು ನಿಶ್ಚಯಿಸಿದರು. ಶಿಕ್ಷಕನಿಗೆ ಹಳೆಯ ಕಡತಗಳ ಪಕ್ಕದಲ್ಲಿ ಒಂದು ಕೋಣೆ, ಕೋಣೆಗೊಂದು ಬಾಗಿಲು, ಮೇಜು, ಕೈಯಿರುವ ಕುರ್ಚಿ. ಕೆಲಸ ಹತ್ತರಿಂದ ಐದು. ಹನ್ನೊಂದು ವರ್ಷಗಳಿಂದ ನಸುಕಿಗೆ ಮುಂಚೆ ಎದ್ದು, ದಿನಕ್ಕೆ ನಲವತ್ತು ಸಲ ಗಾಡಿಯಿಂದ ಇಳಿದು ಹತ್ತಿ ಮೊಣಕಾಲನ್ನು ಸವೆಸಿಕೊಂಡಿದ್ದ ಹೂಪಾದರಿಗೆ ಆ ಕೋಣೆಯೇ ಮೋಕ್ಷವಾಗಿ ಕಂಡಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅಲ್ಲಿಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಬಾಗಿಲನ್ನು ಎರಡು ಸಲ ಮುಚ್ಚಿ ತೆರೆದು ನೋಡಿಯೂ ಬಂದರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಕೋಣೆ ಅವರದಾಗುತ್ತಿತ್ತು. ಆದರೆ ಯೋಗ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವರಿಂದಾಗದ ಕೆಲಸ. ಕೇಂದ್ರದ ಗೋಡೆಗಳಿಗೆಲ್ಲ ಬಣ್ಣದ ಫಲಕ ತೂಗುಹಾಕುವ ಉತ್ಸಾಹದ ಯುವ ವ್ಯವಸ್ಥಾಪಕರು ಕರೆದು ಮಾತಾಡಿಸಿದಾಗ ಹೂಪಾದರು ಮುಂದೆ ಬಾಗಿ ಹೇಳಿದರು:

"ಸಾರ್, ಬಾಯಿ ಮಾತು ಯಾಕೆ? ಎಲ್ಲರ ಎದುರಿಗೇ ನನ್ನ ಗಾಡಿ ಚಕ್ರ ಬಿಚ್ಚಿಸಿ, ಗುದ್ದಣ್ಣಂದೂ ಬಿಚ್ಚಿಸಿ. ಪಕ್ಕಪಕ್ಕದಲ್ಲಿಟ್ಟು ಫೋಟೋ ತೆಗೆದು ಗೋಡೆಗೆ ಹಾಕಿ. ಪಾದ ಯಾವುದು, ಗುದ್ದಲಿ ಯಾವುದು, ಅವರೇ ನೋಡ್ಲಿ."

"ಅದ್ಭುತವಾದ ಐಡಿಯಾ ರೀ!" ಎಂದರು ವ್ಯವಸ್ಥಾಪಕರು. ಅವರ ಕಣ್ಣ ಮುಂದೆ ಆಗಲೇ ಫಲಕ ತೂಗುತ್ತಿತ್ತು.

ಸುದ್ದಿ ತಿಳಿದ ತಂಗಿ ಅಣ್ಣನ ಮನೆಯ ಬಾಗಿಲಿಗೇ ಬಂದು ನಿಂತಳು. "ಅಣ್ಣಾ, ಸಭೆಗೆ ಮುಂಚೆ ನಾನೊಬ್ಳೇ ಬಿಚ್ಚಿ ನೋಡ್ಬಿಡ್ತೀನಿ. ಏನಾದ್ರೂ ಇದ್ರೆ ನಾವೇ ವ್ಯವಸ್ಥಾಪಕರಿಗೆ ಹೇಳಿ ಸರಿ ಮಾಡೋಣ."

"ಬೇಡ. ನೀನು ಕೈಯಾಡಿಸಿದೆ ಅಂತ ಜನ ಅಂದಾರು. ಸೀಲು ಒಡೆಯದೇ ಇರೋದಕ್ಕೇ ಬೆಲೆ."

"ಅದು ಬ್ರೇಕು ಅಣ್ಣ, ಉಪ್ಪಿನಕಾಯಿ ಬಾಟ್ಲಿ ಅಲ್ಲ!"

ಬಾಗಿಲು ಮುಚ್ಚಿಕೊಂಡಿತು.

ಶನಿವಾರ ಮಧ್ಯಾಹ್ನ ಶೆಡ್ಡಿನ ಅಂಗಳದಲ್ಲಿ ಎರಡು ಕಾರುಗಳನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಲಾಯಿತು. ಚಾಲಕರೆಲ್ಲ ನೆರೆದರು, ಪರೀಕ್ಷಾ ಕೋಣೆಯಿಂದ ಇಬ್ಬರು ಹುಡುಗಿಯರು ಬಿಳಿಯ ಕೋಟಿನಲ್ಲೇ ಬಂದರು, ವ್ಯವಸ್ಥಾಪಕರು ಫೋನನ್ನು ಎತ್ತಿ ಹಿಡಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹೂಪಾದರು ಕೈಕಟ್ಟಿ ನಿಂತು, ಬೇಗ ಮುಗಿಯಲಿ ಎಂಬಂತೆ ಆಕಾಶವನ್ನು ನೋಡುತ್ತಿದ್ದರು.

ಮೊದಲು ಗುದ್ದಣ್ಣನ ಹಿಂದಿನ ಚಕ್ರ ಬಂತು. ಒಳಗಿನ ಡಿಸ್ಕು ತೊಳೆದ ತಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು. ತಂಗಿ ಪ್ಯಾಡುಗಳನ್ನು ತೆಗೆದು ತೋರಿಸಿದಳು: ಎರಡೂ ಸಮವಾಗಿ, ಕಾಲುಭಾಗ ಸವೆದಿದ್ದವು. ಪಿನ್ನುಗಳು ಬೆರಳಲ್ಲಿ ತಳ್ಳಿದರೆ ಜಾರುತ್ತಿದ್ದವು.

"ನೋಡಿದ್ರಾ, ಸವೆದಿದೆ," ಎಂದರು ಹೂಪಾದರು, ಕರುಣೆಯಿಂದ.

ಆಮೇಲೆ ಮೂರನೆಯ ಕಾರಿನ ಎಡ ಹಿಂಬದಿಯ ಚಕ್ರ. ನಟ್ಟುಗಳು ಬಿಚ್ಚಿದವು, ಚಕ್ರ ಮಾತ್ರ ಕದಲಲಿಲ್ಲ. ತಂಗಿ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ ಮೇಲೆ ಅದು ಕಿತ್ತು ಬಂತು. ಜೊತೆಗೆ ಕಂದು ಪುಡಿ ಅಂಗಳದ ಮೇಲೆ ಉದುರಿತು. ಡಿಸ್ಕಿನ ಹೊರಮೈಗೆ ತುಕ್ಕು ಹೊದಿಸಿದಂತೆ ಹಬ್ಬಿತ್ತು. ಒಳಮೈಯಲ್ಲಿ ಉತ್ತ ಸಾಲಿನಂಥ ಗೀರುಗಳು. ಹೊರಗಿನ ಪ್ಯಾಡು ಹೂಪಾದರು ಸಾರಿದಂತೆಯೇ ಹೊಸದಾಗಿತ್ತು. ಒಳಗಿನ ಪ್ಯಾಡಿನಲ್ಲಿ ಪ್ಯಾಡೇ ಇರಲಿಲ್ಲ. ಬರಿಯ ಲೋಹದ ತಗಡು ಉಳಿದಿತ್ತು.

ಎಲ್ಲರೂ ಬಗ್ಗಿ ಇಣುಕಿದರು.

"ಇದೇನಮ್ಮಾ?" ಎಂದರು ವ್ಯವಸ್ಥಾಪಕರು.

"ಪಿನ್ನು ಒಣಗಿ ಕಚ್ಕೊಂಡಿದೆ ಸಾರ್. ಯಾವತ್ತೋ ಒಂದಿನ ಗಾಡಿ ಚಾಲೂ ಮಾಡೋಕೆ ಒತ್ತಿದಾಗ ಪ್ಯಾಡು ಡಿಸ್ಕನ್ನ ಹಿಡ್ಕೊಂಡಿದೆ, ಆಮೇಲೆ ಬಿಟ್ಟೇ ಇಲ್ಲ. ಏಳೆಂಟು ತಿಂಗಳಿಂದ ಈ ಗಾಡಿ ಬ್ರೇಕ್ ಹಾಕ್ಕೊಂಡೇ ಓಡಾಡ್ತಿದೆ."

ಮೊದಲು ನಕ್ಕವರು ಬಿಳಿಯ ಕೋಟಿನ ಹುಡುಗಿಯರು. ಬ್ರೇಕನ್ನು ತ್ಯಜಿಸಿದ ಮಹಾನುಭಾವರು ಹಗಲೂ ಸಂಜೆಯೂ, ಏರಿನಲ್ಲೂ ಇಳಿಜಾರಿನಲ್ಲೂ, ಇಡೀ ಊರಿನಲ್ಲಿ ಯಾರೂ ಒತ್ತದಷ್ಟು ಬ್ರೇಕನ್ನು ಒತ್ತಿಸಿಕೊಂಡು ತಿರುಗಿದ್ದರು. ಬ್ಯಾಟರಿಯ ಸಾರವೆಲ್ಲ ಆ ತಗಡನ್ನು ಕಾಯಿಸಲು ವೆಚ್ಚವಾಗಿತ್ತು. ಗುದ್ದಣ್ಣನೊಬ್ಬನೇ ನಗದೆ, "ಅಣ್ಣಂಗೆ ಏನೂ ಆಗ್ಲಿಲ್ವಲ್ಲ, ಅದೇ ಪುಣ್ಯ" ಎಂದ. ನಗೆಗಿಂತ ಅದೇ ಹೆಚ್ಚು ಚುಚ್ಚಿತು.

"ಮಳೆ ನೀರು... ರಸ್ತೆ ಧೂಳು..." ಎಂದು ಹೂಪಾದರು ಆರಂಭಿಸಿದರು. ಎದುರುಗಾಳಿಯವರೆಗೂ ಹೋಗಿ ಮಾತು ನಿಂತಿತು.

"ವರದಿ ಬರೆದು ಕೊಡಿ," ಎಂದು ವ್ಯವಸ್ಥಾಪಕರು ಫೋನನ್ನು ಜೇಬಿಗಿಳಿಸಿದರು.

ಹೂಪಾದರು ತಂಗಿಯ ಹಿಂದೆಯೇ ಶೆಡ್ಡಿನ ಒಳಕೋಣೆಗೆ ಹೋದರು. ಗೋಡೆಯ ತುಂಬ ಸ್ಪ್ಯಾನರುಗಳು ನೇತಾಡುತ್ತಿದ್ದ ಆ ಕೋಣೆಗೆ ಅವರು ಕಾಲಿಟ್ಟು ಇಪ್ಪತ್ತು ವರ್ಷಗಳಾಗಿದ್ದವು. ಸ್ಟೂಲಿನ ಮೇಲೆ ಕುಳಿತು ಮೊಣಕಾಲನ್ನು ನೀವಿಕೊಂಡರು.

"ತಯಾರಿಕೆಯ ದೋಷ ಅಂತ ಬರೆದುಬಿಡು. ಎರಡೇ ಪದ. ಯಾರಿಗೂ ನಷ್ಟ ಇಲ್ಲ."

"ಐದು ಚೀಟಿ ಇದೆ ನನ್ನ ಹತ್ರ. ಎಲ್ಲದರಲ್ಲೂ ನಿನ್ನ ಅಕ್ಷರ."

"ಚೀಟಿ ಕಳೆದುಹೋಗೋಲ್ವಾ? ಆ ಕೋಣೆ ನನಗೆ ಬೇಕು ಕಣೇ. ಬೆಳಿಗ್ಗೆ ನಾಲ್ಕೂವರೆಗೆ ಏಳೋಕೆ ಇನ್ನು ನನ್ನ ಕೈಲಾಗಲ್ಲ."

ಅಣ್ಣ ಬೇಡಿಕೊಂಡದ್ದನ್ನು ತಂಗಿ ಹಿಂದೆಂದೂ ಕೇಳಿದವಳಲ್ಲ. ಆದರೂ ಕೈಯಲ್ಲಿದ್ದ ತಗಡನ್ನು ಅವರ ಮಡಿಲಲ್ಲಿಟ್ಟಳು.

"ದೋಷ ಅಂತ ಬರೆದ್ರೆ ಕಂಪನಿಯವರು ಹೊಸ ಪ್ಯಾಡು ಕೊಡ್ತಾರೆ. ಇನ್ನೊಂದು ತಿಂಗಳು ನೀನು ಹೀಗೇ ಓಡಿಸಿದ್ದಿದ್ರೆ ಹೊಸ ಅಣ್ಣನ್ನ ಯಾರು ಕೊಡ್ತಿದ್ರು? ಕೋಣೇಲಿ ಕೂತು ಇನ್ನೂ ಮೂರು ಜನಕ್ಕೆ ಇದೇ ಕಲಿಸ್ತೀಯಾ? ಬರೆಯಲ್ಲ ಅಣ್ಣ. ಕೋಪ ಮಾಡ್ಕೋ."

ಹೂಪಾದರು ಕೋಪವನ್ನೂ ಮಾಡಿಕೊಳ್ಳಲಿಲ್ಲ. ಇಸ್ತ್ರಿಯ ಅಂಗಿಗೆ ತುಕ್ಕು ಹತ್ತಿದ್ದನ್ನು ಉಜ್ಜುತ್ತ ಕುಳಿತರು. ಉಜ್ಜಿದಷ್ಟೂ ಅದು ಹರಡಿತು.

ವರದಿ ಹೋಯಿತು. ವ್ಯವಸ್ಥಾಪಕರು ಸೋಮವಾರವೇ ಗುದ್ದಣ್ಣನನ್ನು ಕರೆಸಿದರು.

"ನಾನೇನು ಕಲಿಸ್ಲಿ ಸಾರ್?" ಎಂದು ಅವನು ಬೆವರಿದ. "ಹೆದರಿಕೆ ಆದ್ರೆ ಒತ್ತಿ ಅಂತೀನಿ. ಚೀಟಿ ಬಂದ್ರೆ ಚಕ್ರ ಬಿಚ್ಚಿಸಿ ಅಂತೀನಿ. ಅಷ್ಟೇ ನನಗೆ ಗೊತ್ತಿರೋದು."

"ಅಷ್ಟು ಸಾಕು," ಎಂದರು ವ್ಯವಸ್ಥಾಪಕರು. ಬಾಗಿಲಿರುವ ಕೋಣೆ ಗುದ್ದಣ್ಣನ ಪಾಲಾಯಿತು. ಅವನು ಬಾಗಿಲನ್ನು ಮುಚ್ಚುವುದೇ ಇಲ್ಲವಂತೆ. ಒಳಗೆ ಒಬ್ಬನೇ ಕೂರಲು ಹೆದರಿಕೆ.

ಹೂಪಾದರಿಗೆ ನಸುಕಿನ ಸುತ್ತು ಉಳಿಯಿತು. ಅದೂ ಒಂದು ಷರತ್ತಿನ ಮೇಲೆ. ಪ್ರತಿ ಭಾನುವಾರ, ಖಾಲಿ ರಸ್ತೆಯಲ್ಲಿ, ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಒತ್ತಬೇಕು; ಒತ್ತಿದರೆಂದು ತಂಗಿ ಸಹಿ ಹಾಕಬೇಕು; ಸಹಿಯಿಲ್ಲದಿದ್ದರೆ ಬೀಗದ ಕೈ ಇಲ್ಲ.

ಹೊಸ ಡಿಸ್ಕು, ಹೊಸ ಪ್ಯಾಡು, ಹೊಸ ಆಯಿಲ್ ಹಾಕಿಸಿಕೊಂಡ ಕಾರು ಆ ಭಾನುವಾರ ಗೋದಾಮುಗಳ ಹಿಂದಿನ ನೇರ ರಸ್ತೆಗೆ ಬಂತು. ಮುಂದೆ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ನಲವತ್ತಕ್ಕೆ ಬಂದ್ಮೇಲೆ ನ್ಯೂಟ್ರಲ್‌ಗೆ ಹಾಕು," ಎಂದಳು ಪಕ್ಕದಲ್ಲಿ ಕುಳಿತ ತಂಗಿ. "ಆಗ ಮೋಟಾರು ಹಿಡಿಯಲ್ಲ, ಬ್ರೇಕೇ ಹಿಡೀಬೇಕು. ಆಮೇಲೆ ಗಟ್ಟಿಯಾಗಿ ಒತ್ತು."

ಹೂಪಾದರು ನ್ಯೂಟ್ರಲ್‌ಗೆ ಹಾಕಿದರು. ಪಾದ ಪೆಡಲಿನ ಮೇಲೆ ಇಳಿಯಿತು, ಇಳಿದು ಅಲ್ಲೇ ಕುಳಿತಿತು. ಗಾಡಿ ತನ್ನ ಪಾಡಿಗೆ ತಾನು ಜಾರುತ್ತಿತ್ತು.

"ಅಣ್ಣಾ, ಅದು ಬ್ರೇಕು. ತೊಟ್ಟಿಲಲ್ಲಿ ಮಲಗಿರೋ ಮಗು ಅಲ್ಲ. ಒತ್ತು!"

ಅವರು ಕಣ್ಣು ಕಿರಿದು ಮಾಡಿ ಒತ್ತಿದರು. ಕಾರಿನ ಮೂತಿ ನೆಲಕ್ಕೆ ಬಾಗಿತು. ಬೆಲ್ಟು ಭುಜವನ್ನು ಹಿಡಿದೆಳೆಯಿತು. ಗಾಡಿ ನಾಲ್ಕಾರು ಮಾರಿನೊಳಗೆ ನಿಂತುಬಿಟ್ಟಿತು. ಹೂಪಾದರು ಸ್ಟೀರಿಂಗ್ ಹಿಡಿದುಕೊಂಡೇ ಮೇಲಿನ ಕನ್ನಡಿಯನ್ನು ನೋಡಿದರು, ಬಲಗಡೆಯದನ್ನು ನೋಡಿದರು, ಎಡಗಡೆಯದನ್ನೂ ನೋಡಿದರು.

"ಯಾರಾದ್ರೂ ನೋಡಿದ್ರಾ?"

"ಗೋದಾಮಿನ ನಾಯಿ ನೋಡ್ತು. ಅದು ಯಾರಿಗೂ ಹೇಳಲ್ಲ," ಎಂದು ತಂಗಿ ಚೀಟಿಯ ಮೇಲೆ ಒಂದು ಗೀಟು ಹಾಕಿದಳು. "ಇನ್ನೂ ಒಂಬತ್ತು ಸಲ ಇದೆ. ತಿರುಗಿಸು."