ಅಡಿಟಿಪ್ಪಣಿಯಲ್ಲಿದ್ದವರು

ಅಪ್ಪ ಮೂವತ್ತು ವರ್ಷ ಅರಬ್ ದೇಶಗಳ ರಾಜಕೀಯ, ಭದ್ರತೆಯ ಮೇಲೆ ಸಂಶೋಧನೆ ಮಾಡಿದ. ಅಲ್ಲಿನ ಯಾವ ಸೇನಾಧಿಕಾರಿ ಯಾವ ಮಂತ್ರಿಗೆ ಷಡ್ಡಕ ಎಂಬುದೆಲ್ಲ ಅವನಿಗೆ ಬಾಯಿಪಾಠ. ನಾನು ಎಷ್ಟನೇ ಕ್ಲಾಸಿನಲ್ಲಿದ್ದೇನೆ ಎಂಬುದಕ್ಕೆ ಮಾತ್ರ ಅಮ್ಮನನ್ನೇ ಕೇಳಬೇಕಿತ್ತು.

ಅಲ್ಲಿನ ಗಡಿಪಟ್ಟಣವೊಂದರ ಔಷಧಿ ಅಂಗಡಿಯವರೊಬ್ಬರು ಪ್ರತಿ ಗುರುವಾರ ಫೋನ್ ಮಾಡಿ ಅವನಿಗೆ ಊರಿನ ಸುದ್ದಿ ಹೇಳುತ್ತಿದ್ದರು. ಅವರ ಜೀವಕ್ಕೆ ಕುತ್ತು ಬರಬಾರದೆಂದು ಅಪ್ಪ ತನ್ನ ವರದಿಗಳ ಅಡಿಟಿಪ್ಪಣಿಯಲ್ಲಿ ಹೆಸರು ಬರೆಯದೆ ‘ಸ್ಥಳೀಯ ಮೂಲ’ ಎಂದಷ್ಟೇ ಹಾಕುತ್ತಿದ್ದ.

ಒಂದು ಗುರುವಾರ ಅವರೇ ಕೇಳಿದರು: “ನಾವು ಊರು ಬಿಡೋದು ಒಳ್ಳೇದಾ?”

ಅಪ್ಪ ಆ ವಾರದ ವರದಿಯಲ್ಲಿ ಬರೆದದ್ದನ್ನೇ ಹೇಳಿದ: “ಗಾಬರಿ ಬೇಡ. ಯುದ್ಧ ನಿಮ್ಮೂರಿನ ತನಕ ಬರಲ್ಲ.”

ದೇವರ ಮೇಲಲ್ಲ, ಅಪ್ಪನ ಮೇಲೆ ಭಾರ ಹಾಕಿ ಅವರು ಅಲ್ಲೇ ಉಳಿದರು. ಭಾನುವಾರ ಅಂಗಡಿಯ ಮೇಲೆ ಬಾಂಬು ಬಿತ್ತು. ಅವರು ಒಳಗಿದ್ದರು.

ಮುಂದಿನ ವರದಿ ಕೈಸೇರಿದಾಗ ಸಂಪಾದಕಿ ಫೋನ್ ಮಾಡಿದರು. “ಸಾರ್, ಅಡಿಟಿಪ್ಪಣಿಯಲ್ಲಿ ನಿಮ್ಮ ‘ಸ್ಥಳೀಯ ಮೂಲ’ದವರ ಹೆಸರು, ಅಂಗಡಿ ವಿಳಾಸ ಎಲ್ಲಾ ಬಂದುಬಿಟ್ಟಿದೆ. ಕಣ್ತಪ್ಪಾ?”

“ಇರಲಿ ಬಿಡಮ್ಮ,” ಎಂದ ಅಪ್ಪ. “ಇನ್ನು ಅವರಿಗೆ ಯಾರೂ ಏನೂ ಮಾಡೋಕಾಗಲ್ಲ.”